ನೀರಿನ ಲೈನು ಯಾಕೆ ನಿಲ್ಲುತ್ತೆ? ಹಂಪಿಯ ಕಲ್ಲುದೋಣಿಯಿಂದ 19ನೇ ಗೇಟಿನ ತನಕ

ನೀವೀಗ ಹೊಸಪೇಟೆಯಿಂದ ಕಮಲಾಪುರದ ಕಡೆ ಹೋಗೋ ಬಸ್ಸಲ್ಲಿದ್ರೆ, ಕಿಟಕಿ ಆಚೆ ನೋಡ್ತಾ ಕೇಳಿ. ಇವತ್ತಿನ ಕಥೆ ಅಲ್ಲೇ ಹರೀತಾ ಇದೆ.

ಅಮೆರಿಕ, ಕೆನಡಾ ಕಡೆ ಅಡುಗೆಮನೆ, ಬಾತ್‌ರೂಮ್ ಎಲ್ಲಾ ಇರೋ ಕ್ಯಾಂಪರ್ ವ್ಯಾನ್‌ಗಳನ್ನ ನೀವು ರೀಲ್ಸ್‌ನಲ್ಲಿ ನೋಡಿರ್ತೀರಿ. ಚಳಿಗಾಲ ಬಂದ್ರೆ ಅವರಿಗೆ ದೊಡ್ಡ ತಲೆನೋವು ನೀರಿನ ಪೈಪು. ನೀರು ಮಂಜುಗಡ್ಡೆ ಆದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತೆ, ಪೈಪು ಸೀಳಿ ಹೋಗುತ್ತೆ. ಅದಕ್ಕೇ ಚಳಿ ಬೀಳೋ ಮುಂಚೆ ಲೈನು ಪೂರ್ತಿ ಖಾಲಿ ಮಾಡಿ ಇಡ್ತಾರೆ. ನಮ್ಮ ಹೊಸಪೇಟೆ, ಕಂಪ್ಲಿ, ಸಂಡೂರಲ್ಲಿ ಆ ಚಿಂತೆಯೇ ಇಲ್ಲ. ಆದ್ರೆ ನಮ್ಮಲ್ಲೂ ನೀರಿನ ಲೈನು ನಿಂತಿದೆ, ಒಡೆದಿದೆ. ಯಾಕೆ? ಅದೇ ಇವತ್ತಿನ ಪ್ರಶ್ನೆ.

ಮೊದಲು ಹಂಪಿಗೆ ಹೋಗೋಣ. ರಾಜರ ಆವರಣದಲ್ಲಿ ಕಲ್ಲಿನ ಕಂಬಗಳ ಮೇಲೆ ಉದ್ದಕ್ಕೆ ಜೋಡಿಸಿದ ಕಲ್ಲುದೋಣಿಗಳನ್ನ ನೋಡಿದೀರಲ್ಲ? ಅದು ಆ ಕಾಲದ ವಾಟರ್ ಲೈನು. ಪಂಪಿಲ್ಲ, ಮೋಟಾರಿಲ್ಲ. ಒಂದು ತುದಿ ಸ್ವಲ್ಪ ಎತ್ತರ, ಇನ್ನೊಂದು ತುದಿ ಸ್ವಲ್ಪ ಇಳಿಜಾರು, ಅಷ್ಟೇ. ನೆಲದೊಳಗೆ ಸುಟ್ಟ ಮಣ್ಣಿನ ಕೊಳವೆಗಳೂ ಇದ್ದವು. 1980ರ ದಶಕದ ಉತ್ಖನನದಲ್ಲಿ ಸಿಕ್ಕ ಮೆಟ್ಟಿಲುಗಳ ಪುಷ್ಕರಣಿಗೂ ಇಂಥದ್ದೇ ದೋಣಿಯಿಂದ ನೀರು ಬರ್ತಿತ್ತು. ಅದರ ಕಪ್ಪು ಕಲ್ಲುಗಳ ಮೇಲೆ ಯಾವ ಕಲ್ಲು ಎಲ್ಲಿ ಕೂರಬೇಕು ಅಂತ ಗುರುತು ಕೆತ್ತಿದ್ದಾರೆ. ಅಷ್ಟು ಅಚ್ಚುಕಟ್ಟು.

ಈಗ ಕೆರೆ ಕಡೆ ಬನ್ನಿ. 1520ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಕೃಷ್ಣದೇವರಾಯ ಒಂದು ದೊಡ್ಡ ಕೆರೆ ಕಟ್ಟಿಸ್ತಿದ್ದದ್ದನ್ನ ಕಣ್ಣಾರೆ ಕಂಡ. ಒಂದು ಗುಡ್ಡವನ್ನೇ ಒಡೀತಿದ್ರಂತೆ. ಹದಿನೈದು–ಇಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ಕಾಣ್ತಿದ್ರು ಅಂತ ಬರೀತಾನೆ. ಹೊಸಪೇಟೆಯ ನೈರುತ್ಯಕ್ಕೆ, ಸಂಡೂರು ಬೆಟ್ಟಗಳ ಬಾಯಿಗೆ ಅಡ್ಡಲಾಗಿರೋ ರಾಯರ ಕೆರೆಯೇ ಅದು ಅಂತ ಇತಿಹಾಸಕಾರ ರಾಬರ್ಟ್ ಸೀವೆಲ್ ಗುರುತಿಸಿದ. ಅದರ ಏರಿಯನ್ನೇ ಮುಂದೆ ರಸ್ತೆಗೆ ಬಳಸಿಕೊಂಡರು. ಎಷ್ಟೋ ಜನ ಅದು ಏರಿ ಅಂತ ಗೊತ್ತಿಲ್ಲದೇ ಅದರ ಮೇಲೆ ಓಡಾಡಿದೀವಿ.

ಆ ಕೆರೆ ಕಟ್ಟೋವಾಗ ಎರಡು ಮೂರು ಸಲ ಒಡೆದು ಹೋಯ್ತು. ಆಗ ಏನಾಯ್ತು ಗೊತ್ತಾ? ಬಲಿ ಕೊಡಬೇಕು ಅಂತ ಸಲಹೆ ಬಂತು. 60 ಜನರ ತಲೆ ಕಡಿಸಿದರು, ಜೊತೆಗೆ ಕುದುರೆ, ಕೋಣಗಳನ್ನೂ ಕಡಿದರು ಅಂತಾನೆ ಪಾಯಸ್. ಅವನ ನಂತರ ಬಂದ ನೂನಿಜ್, ಅವರು ಮರಣದಂಡನೆಗೆ ಅರ್ಹರಾದ ಕೈದಿಗಳು ಅಂತ ಬರೆದಿದ್ದಾನೆ. ಯಾರೇ ಆಗಿರಲಿ, ಆ 60 ಜನರಲ್ಲಿ ಒಬ್ಬರ ಹೆಸರೂ ನಮಗೆ ಸಿಕ್ಕಿಲ್ಲ. ‘ವಿಜಯನಗರದ ವೈಭವ’ ಅಂತ ಸ್ಟೇಟಸ್ ಹಾಕೋವಾಗ ಇದೂ ನೆನಪಿರಲಿ.

ಅದೇ ನೂನಿಜ್ ಇನ್ನೊಂದು ವಿಷಯ ಹೇಳ್ತಾನೆ. ಕೆರೆ ಆದ ಮೇಲೆ ರಾಜ ಅಲ್ಲಿನ ಜಮೀನನ್ನ ಜನರಿಗೆ ಒಂಬತ್ತು ವರ್ಷ ತೆರಿಗೆ ಇಲ್ಲದೇ ಬಿಟ್ಟುಕೊಟ್ಟ, ಅವರು ಹೊಲ ಗದ್ದೆ ಮಾಡ್ಕೊಳ್ಳೋ ತನಕ. ನಾನು ಬಿ.ಕಾಂ. ಮಾಡಿದವನು, ಇದು ನನಗೆ ಬಹಳ ಹಿಡಿಸ್ತು. ಕಟ್ಟೋ ಖರ್ಚು ಒಂದು ಸಲದ್ದು. ಬಳಸೋ ಜನ ನೆಲೆ ನಿಂತ್ರೆ ಮಾತ್ರ ಆ ದುಡ್ಡು ದುಡಿಯುತ್ತೆ.

1565ರ ಯುದ್ಧ ಆಯ್ತು, ನಗರ ಹಾಳಾಯ್ತು. ಈಗ ಗಮನಿಸಿ. ಅರಮನೆಯ ಆ ಚೆಂದದ ಕಲ್ಲುದೋಣಿಗಳು ಇವತ್ತಿಗೂ ನಿಂತಿವೆ, ಆದ್ರೆ ಒಣಗಿ ನಿಂತಿವೆ. ಅದೇ ಹಂಪಿ ಮಧ್ಯದಲ್ಲಿ ಹರಿಯೋ ತುರ್ತಾ ಕಾಲುವೆ ಇವತ್ತಿಗೂ ಬಾಳೆ ತೋಟಕ್ಕೆ, ಭತ್ತದ ಗದ್ದೆಗೆ ನೀರು ಕೊಡ್ತಿದೆ. ಕಂಪ್ಲಿ, ರಾಮಸಾಗರ ಕಡೆಯ ಹಳೇ ಕಾಲುವೆಗಳೂ ಹಾಗೇ. ಅವಕ್ಕೆ ನೀರು ತಿರುಗಿಸೋ ಅಣೆಕಟ್ಟುಗಳೂ ಭಾರೀ ಗೋಡೆಗಳಲ್ಲ. ನದಿಯೊಳಗಿನ ಬಂಡೆಗಳ ನಡುವೆ ಕಲ್ಲು ಪೇರಿಸಿ ಕಟ್ಟಿದವು, ಸ್ವಲ್ಪ ಸೋರ್ತಾನೇ ಇದ್ದವು. ಪ್ರವಾಹಕ್ಕೆ ಕಲ್ಲು ಜರಿದ್ರೆ ಮತ್ತೆ ಪೇರಿಸಬೇಕು, ಹೂಳು ತುಂಬಿದ್ರೆ ಎತ್ತಬೇಕು. ಅರಮನೆ ಲೈನಿಗೆ ಅರಮನೆಯೇ ಗಿರಾಕಿ, ಅರಮನೆ ಹೋಯ್ತು, ಲೈನು ನಿಂತಿತು. ಕಾಲುವೆಗೆ ರೈತ ಇದ್ದ, ನೀರುಗಂಟಿ ಇದ್ದ. ರಾಜ ಬದಲಾದರೂ ಅವರಿಗೆ ನಾಳೆ ಬೆಳಿಗ್ಗೆ ಗದ್ದೆಗೆ ನೀರು ಬೇಕೇ ಬೇಕಿತ್ತು.

ಇನ್ನು ನಮ್ಮ ಕಾಲಕ್ಕೆ ಬರೋಣ. ತುಂಗಭದ್ರಾ ಡ್ಯಾಂ 1953ರಲ್ಲಿ ಆಯ್ತು, ಗೇಟುಗಳು 33. ಶುರುವಲ್ಲಿ ಸುಮಾರು 133 ಟಿಎಂಸಿ ನೀರು ಹಿಡೀತಿತ್ತು. ಹೂಳು ತುಂಬಿ ಈಗ ಸುಮಾರು 105.8 ಟಿಎಂಸಿ. ಅವರ ಪೈಪಿಗೆ ಮಂಜುಗಡ್ಡೆ ಹೇಗೋ, ನಮ್ಮ ಡ್ಯಾಂಗೆ ಹೂಳು ಹಾಗೆ. ಆದ್ರೆ ಮಂಜುಗಡ್ಡೆ ಬಿಸಿಲಿಗೆ ಕರಗುತ್ತೆ, ಹೂಳು ಕರಗಲ್ಲ.

2024ರ ಆಗಸ್ಟ್ 10ರ ರಾತ್ರಿ, ಡ್ಯಾಂ ತುಂಬಿದ್ದಾಗ, 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯ್ತು. ಒತ್ತಡ ಇಳಿಸೋಕೆ ಬೇರೆ ಗೇಟುಗಳನ್ನೂ ತೆರೆಯಬೇಕಾಯ್ತು. ರೈತರು ಕಾದು ಕೂತಿದ್ದ ನೀರು ಕಣ್ಣೆದುರೇ ಹೋಯ್ತು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಹರಿಯೋ ನೀರಲ್ಲೇ ಸ್ಟಾಪ್‌ಲಾಗ್ ಇಳಿಸಿ, ಒಂದು ವಾರದೊಳಗೆ ಆ ಬಾಯಿ ಮುಚ್ಚಿದರು. ಅವರಿಗೆ ಸನ್ಮಾನ ಆಗಿದ್ದು ಸರಿಯೇ. ಆದ್ರೆ ಚೈನ್ ತುಂಡಾಗೋ ಮುಂಚೆ ಅದನ್ನ ಬದಲಾಯಿಸಿದ್ದಿದ್ರೆ? ಅಂಥವರಿಗೆ ಯಾರೂ ಹಾರ ಹಾಕಲ್ಲ, ಯಾಕಂದ್ರೆ ಏನೂ ಆಗಿರಲ್ಲ!

ಕೊನೆಗೊಂದು ವಿಷಯ. 1369ರಲ್ಲಿ, ಬುಕ್ಕರಾಯನ ಮಗ ಭಾಸ್ಕರ ಈಗಿನ ಆಂಧ್ರದ ಪೊರುಮಾಮಿಳ್ಳದಲ್ಲಿ ಕೆರೆ ಕಟ್ಟಿಸಿ ಶಾಸನ ಬರೆಸಿದ. ಕೆರೆಗೆ ಬೇಕಾದ 12 ಗುಣಗಳು, ಇರಬಾರದ 6 ದೋಷಗಳು ಅದರಲ್ಲಿವೆ. ಏರಿಯಿಂದ ನೀರು ಜಿನುಗೋದು ಒಂದು ದೋಷ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರೋದು ಇನ್ನೊಂದು ದೋಷ! ನಮ್ಮ ಡ್ಯಾಂ ನೀರು ಇವತ್ತು ಕರ್ನಾಟಕ, ಆಂಧ್ರ, ತೆಲಂಗಾಣ ಮೂರಕ್ಕೂ ಸೇರಬೇಕು. ಎಲ್ಲರದ್ದೂ ಆದದ್ದು ರಿಪೇರಿ ಹೊತ್ತಿಗೆ ಯಾರದ್ದೂ ಅಲ್ಲ ಅಂತಾಗೋದು ಸುಲಭ. ಆರುನೂರು ವರ್ಷಕ್ಕೂ ಹಿಂದೆಯೇ ಯಾರೋ ಇದನ್ನ ಕಲ್ಲಲ್ಲಿ ಬರೆದಿಟ್ಟಿದ್ರು.

ಕ್ಯಾಂಪರ್‌ನವರು ಚಳಿ ಬರೋ ಮುಂಚೆ ಲೈನು ನೋಡ್ಕೊತಾರೆ. ನಾವು ಮಳೆ ಬರೋ ಮುಂಚೆ ನೋಡ್ಕೋಬೇಕು. ಸಲ ತುರ್ತಾ ಕಾಲುವೆ ದಾಟೋವಾಗ ಎರಡು ನಿಮಿಷ ಗಾಡಿ ನಿಲ್ಸಿ ನೋಡಿ. ನಿಮ್ಮೂರ ಕಾಲುವೆ ಹೂಳನ್ನ ಮೊದಲು ಯಾರು ಎತ್ತುತಿದ್ರು ಅಂತ ಮನೇಲಿ ಅಜ್ಜನ್ನೋ ಅಜ್ಜಿನ್ನೋ ಕೇಳಿ, ನನಗೆ ವಾಯ್ಸ್ ನೋಟ್ ಕಳಿಸಿ. ಮುಂದಿನ ಕಂತಲ್ಲಿ ಸಿಗೋಣ.