ಮನಶ್ಶಾಸ್ತ್ರದ ಮುಖ್ಯ ಸಿದ್ಧಾಂತಗಳು ಮತ್ತು ಚಿಕಿತ್ಸಾ ಕ್ರಮಗಳು: ಪರೀಕ್ಷಾರ್ಥಿಗಳಿಗೊಂದು ಕಿರು ಕೈಪಿಡಿ

ಬಿ.ಎಡ್., ಸಮಾಜಕಾರ್ಯ, ನರ್ಸಿಂಗ್, ಆಪ್ತಸಮಾಲೋಚನೆ - ಈ ಎಲ್ಲ ಕೋರ್ಸುಗಳಲ್ಲೂ ಮನಶ್ಶಾಸ್ತ್ರ ಒಂದು ವಿಷಯವಾಗಿರುತ್ತದೆ. ಶಿಕ್ಷಕರ ಅರ್ಹತಾ ಪರೀಕ್ಷೆಯ ೧೫೦ ಅಂಕಗಳಲ್ಲಿ ೩೦ ಅಂಕಗಳು ಶಿಶು ವಿಕಸನ ಮತ್ತು ಬೋಧನಾ ಕ್ರಮಕ್ಕೇ ಮೀಸಲು. ೧೯೬೦ರಲ್ಲಿ ಆರಂಭವಾದ ರೋಶನಿ ನಿಲಯ, ಕಂಕನಾಡಿಯ ಫಾದರ್ ಮುಲ್ಲರ್ ಸಂಸ್ಥೆಗಳು ಮತ್ತು ನಗರದ ಇತರ ಕಾಲೇಜುಗಳಲ್ಲಿ ಈ ವಿಷಯ ಓದುತ್ತಿರುವ ಯುವಜನರು ನಮ್ಮ ಧರ್ಮಕೇಂದ್ರಗಳಲ್ಲಿ ಅನೇಕರಿದ್ದಾರೆ. ಅವರಿಗೂ, ಜನರ ಕಷ್ಟ ಕೇಳುವ ಗುರಿಕಾರರು, ಧರ್ಮಭಗಿನಿಯರು ಹಾಗೂ ಕ್ರೈಸ್ತ ಶಿಕ್ಷಣದ ಶಿಕ್ಷಕರಿಗೂ ಉಪಯೋಗವಾಗಲೆಂದು ಮುಖ್ಯ ಅಂಶಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇವೆ.

ಹಿನ್ನೆಲೆ

೧೮೭೯ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್‌ಹೆಲ್ಮ್ ವುಂಟ್ ಪ್ರಯೋಗಾಲಯ ತೆರೆದಾಗ ಮನಶ್ಶಾಸ್ತ್ರವು ತತ್ತ್ವಶಾಸ್ತ್ರದಿಂದ ಬೇರೆಯಾಗಿ ವಿಜ್ಞಾನವಾಯಿತು ಎನ್ನುತ್ತಾರೆ. ನಮ್ಮ ನಾಡೂ ಹಿಂದೆ ಬೀಳಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ೧೯೨೪ರಲ್ಲಿಯೇ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಬೆಂಗಳೂರಿನಲ್ಲಿ ೧೯೫೪ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಮಾನಸಿಕ ಆಸ್ಪತ್ರೆಯೊಂದಿಗೆ ವಿಲೀನಗೊಂಡು ೧೯೭೪ರಲ್ಲಿ ನಿಮ್ಹಾನ್ಸ್ ಆಯಿತು.

೧. ಮನೋವಿಶ್ಲೇಷಣೆ

ಸಿಗ್ಮಂಡ್ ಫ್ರಾಯ್ಡ್ (೧೮೫೬-೧೯೩೯) ಪ್ರಕಾರ ನಮ್ಮ ನಡತೆಯ ಬಹುಪಾಲು ಕಾರಣಗಳು ಅಪ್ರಜ್ಞೆಯಲ್ಲಿ ಅಡಗಿವೆ. ಬಯಕೆಯ ಇಡ್, ವಾಸ್ತವದ ಈಗೊ, ನೀತಿಯ ಸೂಪರ್ ಈಗೊ - ಇವುಗಳ ತಿಕ್ಕಾಟದಿಂದ ಆತಂಕ ಹುಟ್ಟುತ್ತದೆ. ಅದನ್ನು ತಡೆಯಲು ಮನಸ್ಸು ಬಳಸುವ ಉಪಾಯಗಳೇ ರಕ್ಷಣಾ ತಂತ್ರಗಳು. ಇವನ್ನು ನೆನಪಿಡಲು ನಮ್ಮ ಗಾದೆಗಳೇ ಸಾಕು. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ - ಇದು ಸ್ಥಾನಪಲ್ಲಟ. ಕುಣಿಯಲಾರದವಳು ನೆಲ ಡೊಂಕು ಎಂದಳು - ಇದು ಸಮರ್ಥನೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ - ಇದು ಪ್ರಕ್ಷೇಪಣೆಗೆ ಹತ್ತಿರ.

ಚಿಕಿತ್ಸೆ: ಮುಕ್ತ ಸಾಹಚರ್ಯ, ಕನಸುಗಳ ವಿಶ್ಲೇಷಣೆ. ಭಾರತದಲ್ಲಿ ಇದನ್ನು ಬೆಳೆಸಿದವರು ಗಿರೀಂದ್ರಶೇಖರ ಬೋಸ್. ಅವರು ೧೯೨೨ರಲ್ಲಿ ಕಲ್ಕತ್ತಾದಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಸ್ಥಾಪಿಸಿದರು.

೨. ವರ್ತನಾವಾದ

ಕಣ್ಣಿಗೆ ಕಾಣುವ ವರ್ತನೆಯನ್ನಷ್ಟೇ ಅಧ್ಯಯನ ಮಾಡಬೇಕೆಂದು ೧೯೧೩ರಲ್ಲಿ ಜಾನ್ ವಾಟ್ಸನ್ ವಾದಿಸಿದರು. ಇದಕ್ಕೆ ಆಧಾರ ರಷ್ಯಾದ ಇವಾನ್ ಪಾವ್ಲೋವ್ ಅವರ ಅಭಿಜಾತ ಅನುಬಂಧನ. ದೋಣಿ ಮಗುಚಿ ಭಯಪಟ್ಟ ಹುಡುಗನಿಗೆ ಮುಂದೆ ಅಲೆಯ ಸದ್ದು ಕೇಳಿದರೂ ಎದೆ ಹೊಡೆದುಕೊಳ್ಳುತ್ತದೆ. ಅಲೆಯ ಸದ್ದು ಇಲ್ಲಿ ಅನುಬಂಧಿತ ಪ್ರಚೋದನೆ.

ಬಿ.ಎಫ್. ಸ್ಕಿನ್ನರ್ ಅವರದು ಕ್ರಿಯಾಜನ್ಯ ಅನುಬಂಧನ. ಪರೀಕ್ಷೆಯಲ್ಲಿ ಹೆಚ್ಚು ಮಂದಿ ಎಡವುವುದು ಇಲ್ಲಿಯೇ. ಋಣಾತ್ಮಕ ಪುನರ್ಬಲನ ಮತ್ತು ಶಿಕ್ಷೆ ಎರಡೂ ಒಂದೇ ಅಲ್ಲ. ಸೊಳ್ಳೆ ಪರದೆ ಕಟ್ಟಿದರೆ ಕಾಟ ತಪ್ಪುತ್ತದೆ, ಆದ್ದರಿಂದ ಮರುದಿನವೂ ಕಟ್ಟುತ್ತೇವೆ. ಅಹಿತವಾದದ್ದು ದೂರವಾಗಿ ವರ್ತನೆ ಹೆಚ್ಚಿತು. ಇದು ಋಣಾತ್ಮಕ ಪುನರ್ಬಲನ. ಶಿಕ್ಷೆಯಿಂದ ವರ್ತನೆ ಕಡಿಮೆಯಾಗುತ್ತದೆ. ಶಿಕ್ಷೆಯು ವರ್ತನೆಯನ್ನು ತಾತ್ಕಾಲಿಕವಾಗಿ ಅದುಮುತ್ತದೆಯೇ ಹೊರತು ಹೊಸದನ್ನು ಕಲಿಸುವುದಿಲ್ಲ ಎಂಬುದು ಸ್ಕಿನ್ನರ್ ನಿಲುವು. ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು ೨೦೦೯ರ ಶಿಕ್ಷಣ ಹಕ್ಕು ಕಾಯ್ದೆಯೂ ನಿಷೇಧಿಸಿದೆ.

ಚಿಕಿತ್ಸೆ: ಜೋಸೆಫ್ ವೋಲ್ಪೆ ಅವರ ಕ್ರಮಬದ್ಧ ಭಯನಿವಾರಣೆ. ಮೇಲಿನ ಹುಡುಗನಿಗೆ ಮೊದಲು ದೇಹವನ್ನು ಸಡಿಲಗೊಳಿಸಲು ಕಲಿಸಿ, ಬಳಿಕ ಸಮುದ್ರದ ಚಿತ್ರ, ದೂರದ ಕಿನಾರೆ, ಕೊನೆಗೆ ನೀರಂಚು - ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮುಂದುವರಿಸಲಾಗುತ್ತದೆ. ಒಮ್ಮೆಲೇ ನೀರಿಗೆ ತಳ್ಳುವುದು ಚಿಕಿತ್ಸೆಯಲ್ಲ.

೩. ವಿಕಾಸ ಸಿದ್ಧಾಂತಗಳು

ಜೀನ್ ಪಿಯಾಜೆ ಜ್ಞಾನಾತ್ಮಕ ವಿಕಾಸದ ನಾಲ್ಕು ಹಂತಗಳನ್ನು ಹೇಳಿದರು: ಸಂವೇದನಾ ಗತಿ ಹಂತ (೦-೨ ವರ್ಷ), ಕಾರ್ಯಪೂರ್ವ ಹಂತ (೨-೭), ಮೂರ್ತ ಕಾರ್ಯಗಳ ಹಂತ (೭-೧೧), ಔಪಚಾರಿಕ ಕಾರ್ಯಗಳ ಹಂತ (೧೧ರ ನಂತರ). ಉದ್ದ ಲೋಟದ ನೀರನ್ನು ಅಗಲ ಬಟ್ಟಲಿಗೆ ಸುರಿದರೆ ನೀರು ಕಡಿಮೆಯಾಯಿತು ಎನ್ನುವ ಮಗು ಎರಡನೇ ಹಂತದಲ್ಲಿದೆ.

ಪಿಯಾಜೆ ಹುಟ್ಟಿದ ೧೮೯೬ರಲ್ಲಿಯೇ ಹುಟ್ಟಿದ ಲೆವ್ ವೈಗೋಟ್‌ಸ್ಕಿ, ಕಲಿಕೆಗೆ ಸಮಾಜವೇ ಮೂಲ ಎಂದರು. ಮಗು ಒಂಟಿಯಾಗಿ ಮಾಡಬಲ್ಲುದಕ್ಕೂ ಅಕ್ಕನ ಸಹಾಯದಿಂದ ಮಾಡಬಲ್ಲುದಕ್ಕೂ ಇರುವ ಅಂತರವೇ ಸಮೀಪ ವಿಕಾಸ ವಲಯ. ಎರಿಕ್ ಎರಿಕ್‌ಸನ್ ಹುಟ್ಟಿನಿಂದ ಮುಪ್ಪಿನವರೆಗೆ ೮ ಮನೋಸಾಮಾಜಿಕ ಹಂತಗಳನ್ನೂ, ಲಾರೆನ್ಸ್ ಕೋಲ್‌ಬರ್ಗ್ ನೈತಿಕ ವಿಕಾಸದ ೩ ಮಟ್ಟ ಮತ್ತು ೬ ಹಂತಗಳನ್ನೂ ಹೇಳಿದ್ದಾರೆ.

೪. ಮಾನವತಾವಾದ

ಅಬ್ರಹಾಂ ಮ್ಯಾಸ್ಲೊ ೧೯೪೩ರಲ್ಲಿ ಅಗತ್ಯಗಳ ಶ್ರೇಣಿಯನ್ನು ಮಂಡಿಸಿದರು: ದೈಹಿಕ ಅಗತ್ಯ, ಭದ್ರತೆ, ಪ್ರೀತಿ, ಗೌರವ, ಆತ್ಮಸಾಕ್ಷಾತ್ಕಾರ.

ಆಪ್ತಸಮಾಲೋಚನೆಗೆ ಅತಿ ಮುಖ್ಯರಾದವರು ಕಾರ್ಲ್ ರೋಜರ್ಸ್ (೧೯೦೨-೧೯೮೭). ಧರ್ಮಸೇವೆಗೆಂದು ನ್ಯೂಯಾರ್ಕಿನ ದೇವಶಾಸ್ತ್ರ ವಿದ್ಯಾಲಯಕ್ಕೆ ಸೇರಿದ್ದ ಇವರು ಅಲ್ಲಿಂದ ಮನಶ್ಶಾಸ್ತ್ರಕ್ಕೆ ಬಂದರು. ಇವರ ವ್ಯಕ್ತಿಕೇಂದ್ರಿತ ಚಿಕಿತ್ಸೆಯಲ್ಲಿ ಸಮಾಲೋಚಕನಿಗೆ ಮೂರು ಗುಣಗಳಿರಬೇಕು: ಷರತ್ತಿಲ್ಲದ ಸ್ವೀಕಾರ, ಪರಾನುಭೂತಿ, ಒಳಗೂ ಹೊರಗೂ ಒಂದೇ ಆಗಿರುವ ಪ್ರಾಮಾಣಿಕತೆ. ಅಯ್ಯೋ ಪಾಪ ಎನ್ನುವುದು ಅನುಕಂಪ. ಎದುರಿನವರ ನೋವನ್ನು ಅವರ ಜಾಗದಲ್ಲಿ ನಿಂತು ಅರಿಯುವುದು ಪರಾನುಭೂತಿ.

ವಿಕ್ಟರ್ ಫ್ರಾಂಕ್ಲ್ ಅವರ ಲೋಗೊಥೆರಪಿಯನ್ನೂ ಇದರ ಜೊತೆಗೆ ಓದಿರಿ. ನಾಜಿ ಯಾತನಾ ಶಿಬಿರಗಳಲ್ಲಿ ಬದುಕುಳಿದ ಈ ವೈದ್ಯರು, ಬದುಕಿನ ಅರ್ಥವನ್ನು ಹುಡುಕುವುದೇ ಮನುಷ್ಯನ ಮೂಲ ಪ್ರೇರಣೆ ಎಂದರು.

೫. ಜ್ಞಾನಾತ್ಮಕ ಚಿಕಿತ್ಸೆಗಳು

ಘಟನೆಗಿಂತ ಅದರ ಬಗ್ಗೆ ನಮಗಿರುವ ನಂಬಿಕೆಯೇ ನಮ್ಮನ್ನು ಕುಗ್ಗಿಸುತ್ತದೆ ಎಂಬುದು ಆಲ್ಬರ್ಟ್ ಎಲ್ಲಿಸ್ ೧೯೫೫ರಲ್ಲಿ ಆರಂಭಿಸಿದ ಚಿಕಿತ್ಸೆಯ ಸಾರ. ಇದನ್ನು ಎ-ಬಿ-ಸಿ ಮಾದರಿ ಎನ್ನುತ್ತಾರೆ. ಎಸ್‌ಎಸ್‌ಎಲ್‌ಸಿಯಲ್ಲಿ ಅನುತ್ತೀರ್ಣನಾದದ್ದು ಘಟನೆ (ಎ). ಮನೆತನದ ಮರ್ಯಾದೆ ಹೋಯಿತು, ಇನ್ನು ಬದುಕಿಲ್ಲ ಎಂಬುದು ನಂಬಿಕೆ (ಬಿ). ಹತಾಶೆ ಪರಿಣಾಮ (ಸಿ). ಚಿಕಿತ್ಸಕರು ನಡುವಿನ ನಂಬಿಕೆಯನ್ನು ಪ್ರಶ್ನಿಸಲು ಕಲಿಸುತ್ತಾರೆ. ಕರ್ನಾಟಕದಲ್ಲಿ ಒಂದೇ ವರ್ಷ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ಬರೆಯುವ ಅವಕಾಶವಿದೆ. ಹೀಗಿರುವಾಗ ಎಲ್ಲವೂ ಮುಗಿಯಿತೆಂಬ ನಂಬಿಕೆಗೆ ಆಧಾರವೆಲ್ಲಿ?

ಆರನ್ ಬೆಕ್ (೧೯೨೧-೨೦೨೧) ಖಿನ್ನತೆಯಲ್ಲಿ ತನ್ನ ಬಗ್ಗೆ, ಲೋಕದ ಬಗ್ಗೆ, ಭವಿಷ್ಯದ ಬಗ್ಗೆ ಮೂಡುವ ನಕಾರಾತ್ಮಕ ಯೋಚನೆಗಳನ್ನು ಜ್ಞಾನಾತ್ಮಕ ತ್ರಿಕೋನವೆಂದು ಕರೆದರು. ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಸಿಬಿಟಿ, ಅಂದರೆ ಜ್ಞಾನಾತ್ಮಕ ವರ್ತನಾ ಚಿಕಿತ್ಸೆಗೆ ಇವೇ ಬುನಾದಿ.

೬. ಸಮುದಾಯ ಮಾನಸಿಕ ಆರೋಗ್ಯ

ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ೧೯೮೨ರಲ್ಲಿ ಆರಂಭವಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ನೀಡುವ ಪ್ರಯೋಗವನ್ನು ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿತು. ೧೯೯೬ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ಬಳ್ಳಾರಿ ಮಾದರಿಯೇ ಆಧಾರ. ಸಮಾಜಕಾರ್ಯದ ವಿದ್ಯಾರ್ಥಿಗಳು ಇದನ್ನು ಮರೆಯಬಾರದು.

ಪರೀಕ್ಷೆಯ ಆಚೆಗೆ

ಪರೀಕ್ಷೆಯಲ್ಲಿ ಗಳಿಸಿದ ಅಂಕ ಚಿಕಿತ್ಸೆ ಮಾಡುವ ಪರವಾನಗಿಯಲ್ಲ. ಚಿಕಿತ್ಸಾ ಮನಶ್ಶಾಸ್ತ್ರಜ್ಞರಾಗಲು ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಪಡೆದ ತರಬೇತಿ ಮತ್ತು ನೋಂದಣಿ ಬೇಕು. ಔಷಧ ಕೊಡುವ ಅಧಿಕಾರ ವೈದ್ಯರಿಗೆ ಮಾತ್ರ. ನಾಲ್ಕು ಪುಟ ಓದಿ ನೆರೆಮನೆಯವರಿಗೆ ಇಂಥ ಕಾಯಿಲೆ ಎಂದು ಹಣೆಪಟ್ಟಿ ಹಚ್ಚುವುದು ಸಲ್ಲದು. ಹಾಗೆಯೇ ಪಾಪನಿವೇದನೆ, ಪ್ರಾರ್ಥನೆಗಳು ಮನಸ್ಸಿಗೆ ಬಲ ನೀಡುತ್ತವೆ ನಿಜ. ಆದರೆ ಅದೇ ಸಾಕೆಂದು ಖಿನ್ನತೆಯಿಂದ ಬಳಲುವವರನ್ನು ವೈದ್ಯರಿಂದ ದೂರವಿಡುವುದು ಅಪಾಯಕರ.

ಯಾರಾದರೂ ಸಾಯುವ ಮಾತಾಡಿದರೆ ತಮಾಷೆಯೆಂದು ತಳ್ಳಿಹಾಕಬೇಡಿ. ನೇರವಾಗಿ ಕೇಳಿ, ಸಮಾಧಾನದಿಂದ ಆಲಿಸಿ, ಅವರನ್ನು ಒಬ್ಬರೇ ಬಿಡಬೇಡಿ, ಆಸ್ಪತ್ರೆಗೆ ಜೊತೆಯಾಗಿ ಹೋಗಿ. ಕೇಂದ್ರ ಸರಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ ೧೪೪೧೬ ಹಗಲಿರುಳೂ ಲಭ್ಯವಿದ್ದು, ಕನ್ನಡದಲ್ಲಿಯೂ ಮಾತನಾಡಬಹುದು. ೨೦೧೭ರ ಮಾನಸಿಕ ಆರೋಗ್ಯ ಸೇವಾ ಕಾಯ್ದೆಯ ೧೧೫ನೇ ವಿಧಿಯು, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಅವರಿಗೆ ಆರೈಕೆ ನೀಡಬೇಕೆನ್ನುತ್ತದೆ. ಆದ್ದರಿಂದ ಕೇಸಿನ ಭಯದಿಂದ ಯಾರೂ ಚಿಕಿತ್ಸೆಯನ್ನು ತಡಮಾಡಬೇಕಾಗಿಲ್ಲ.

ಪರೀಕ್ಷೆಗೆ ಕುಳಿತುಕೊಳ್ಳುವ ಎಲ್ಲರಿಗೂ ನಮ್ಮ ಶುಭಾಶಯಗಳು. ಓದಿನ ನಡುವೆ ನಿಮ್ಮ ನಿದ್ದೆ, ಊಟ ಮತ್ತು ಗೆಳೆಯರೊಂದಿಗಿನ ನಾಲ್ಕು ಮಾತನ್ನೂ ಮರೆಯದಿರಿ.