ಎಳೆಯ ಕಣ್ಣಿನ ಮೋತಿಬಿಂದು

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ನಿಮಗೆ ಮೋತಿಬಿಂದು ಎಂದೊಡನೆ ಅಜ್ಜ, ಅಜ್ಜಿಯರೇ ನೆನಪಾಗುತ್ತಾರೆ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರ ಉಚಿತ ಶಿಬಿರಗಳು ನಮ್ಮ ನಾಡಿನ ನೇತ್ರಚಿಕಿತ್ಸೆಯ ಇತಿಹಾಸದಲ್ಲಿ ದೊಡ್ಡ ಅಧ್ಯಾಯ. ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ ಅವರ ಹೆಸರು ಗಿನ್ನೆಸ್ ದಾಖಲೆ ಪುಸ್ತಕ ಸೇರಿತು. ಆದರೆ ಪೊರೆ ಎಳೆಯ ಮಕ್ಕಳಿಗೂ ಬರುವುದುಂಟು. ಅದರ ಕಥೆ ಬೇರೆ.

1897ರಲ್ಲಿ ಲಂಡನ್ನಿನ ವೈದ್ಯ ಜಾರ್ಜ್ ಫ್ರೆಡರಿಕ್ ಸ್ಟಿಲ್, ಕೀಲು ಬಾತು ನರಳುತ್ತಿದ್ದ 22 ಮಕ್ಕಳ ವಿವರ ಪ್ರಕಟಿಸಿದರು. 1910ರಲ್ಲಿ ಜರ್ಮನಿಯ ಓಮ್ ಎಂಬ ವೈದ್ಯರು ಇಂಥ ಕಾಯಿಲೆಯ ಮಗುವಿನ ಕಣ್ಣಿನೊಳಗೂ ಉರಿಯೂತವಿದ್ದುದನ್ನು ವರದಿ ಮಾಡಿದರು. ಮೊಣಕಾಲಿಗೂ ಕಣ್ಣಿಗೂ ಎಲ್ಲಿಯ ಸಂಬಂಧ ಎನ್ನುವಿರಾ? ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಎರಡೂ ಕಡೆ ತಿರುಗಿಬೀಳುತ್ತದೆ. ಕೆಡುಕೆಂದರೆ, ಕಣ್ಣು ಸಾಮಾನ್ಯವಾಗಿ ಕೆಂಪಾಗುವುದಿಲ್ಲ, ನೋಯುವುದೂ ಇಲ್ಲ. ಮಗು ಆಡಿಕೊಂಡೇ ಇರುತ್ತದೆ; ಒಳಗೆ ಮಸೂರ ಮಸುಕಾಗುತ್ತಿರುತ್ತದೆ. ಉರಿಯೂತ ತಗ್ಗಿಸಲು ಹಾಕುವ ಸ್ಟೀರಾಯ್ಡ್ ಹನಿಗಳೂ ಪೊರೆ ತರಬಲ್ಲವು. ಎಂಥ ಇಕ್ಕಟ್ಟು ನೋಡಿ!

ಯುದ್ಧವಿಮಾನದ ಕಿಟಕಿಯ ಪ್ಲಾಸ್ಟಿಕ್ ಚೂರುಗಳು ಪೈಲಟ್‌ಗಳ ಕಣ್ಣನ್ನು ಕೆರಳಿಸದೆ ಉಳಿದದ್ದನ್ನು ಗಮನಿಸಿದ ಹೆರಾಲ್ಡ್ ರಿಡ್ಲೆ, 1949ರಲ್ಲಿ ಲಂಡನ್ನಿನಲ್ಲಿ ಮೊದಲ ಕೃತಕ ಮಸೂರವನ್ನು ಕಣ್ಣಿನೊಳಗಿಟ್ಟರು. ಆ ವಿದ್ಯೆ ಮುಂದೆ ವೃದ್ಧರಿಗೆ ವರವಾಯಿತು. ಈ ಮಕ್ಕಳಿಗೆ ಮಾತ್ರ ದಶಕಗಳ ಕಾಲ ವೈದ್ಯರು ಅದನ್ನು ಇಡಲು ಅಂಜಿದರು. ಉರಿಯೂತದ ಕಣ್ಣು ಆ ಮಸೂರದ ಸುತ್ತ ಹೊಸ ಪರದೆ ಕಟ್ಟುತ್ತಿತ್ತು. ಮಸೂರ ತೆಗೆದು ದಪ್ಪ ಕನ್ನಡಕವನ್ನೋ ಕಾಂಟ್ಯಾಕ್ಟ್ ಲೆನ್ಸನ್ನೋ ಕೊಡುತ್ತಿದ್ದರು.

ದಾರಿ ತೆರೆದದ್ದು ಔಷಧಗಳು. ಮೆಥೊಟ್ರೆಕ್ಸೇಟ್ ಮಕ್ಕಳ ಕೀಲುವಾತಕ್ಕೆ ಗುಣಕಾರಿ ಎಂದು 1992ರ ಅಮೆರಿಕ–ಸೋವಿಯತ್ ಅಧ್ಯಯನ ತೋರಿಸಿತು. ಅದರೊಡನೆ ಅಡಾಲಿಮುಮಾಬ್ ಕೊಟ್ಟರೆ ಕಣ್ಣಿನ ಉರಿಯೂತ ಇನ್ನೂ ಚೆನ್ನಾಗಿ ಹತೋಟಿಗೆ ಬರುತ್ತದೆಂದು 2017ರಲ್ಲಿ ಬ್ರಿಟನ್ನಿನ ಅಧ್ಯಯನ ತಿಳಿಸಿತು. ಈಗ ಕಣ್ಣು ಸುಮಾರು ಮೂರು ತಿಂಗಳಾದರೂ ಶಾಂತವಾಗಿದ್ದ ಮೇಲೆ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಆಯ್ದ ಮಕ್ಕಳಿಗೆ ಕೃತಕ ಮಸೂರವನ್ನೂ ಇಡುತ್ತಾರೆ. ಹಾಗೆಂದು ವರ್ಷಗಟ್ಟಲೆ ಕಾಯುವಂತಿಲ್ಲ. ಬಳಸದ ಎಳೆಯ ಕಣ್ಣಿನಿಂದ ನೋಡುವುದನ್ನು ಮೆದುಳು ಕಲಿಯದೇ ಹೋಗುತ್ತದೆ.

ಇಲ್ಲಿ ಶಿಬಿರದ ಪದ್ಧತಿ ಸಾಲದು ಎಂದೇ ನನ್ನ ಎಣಿಕೆ. ವೃದ್ಧರಿಗೆ ಕಣ್ಣಿನ ಸುತ್ತ ಮರಗಟ್ಟಿಸುವ ಮದ್ದು ಸಾಕು, ಮಗುವಿಗೆ ಪೂರ್ತಿ ಅರಿವಳಿಕೆ ಬೇಕು. ಆಮೇಲೆ ವರ್ಷಗಳ ಔಷಧ, ರಕ್ತಪರೀಕ್ಷೆ. ಕೀಲು ಬಾತ ಮಗುವಿನ ಕಣ್ಣು ಬೆಳ್ಳಗೇ ಕಂಡರೂ ಕೆಲವು ತಿಂಗಳಿಗೊಮ್ಮೆ ಸ್ಲಿಟ್ ಲ್ಯಾಂಪಿನಲ್ಲಿ ನೋಡಿಸಬೇಕು. ಬ್ಯಾಟರಿ ಬೆಳಕಿಗೆ ಅದು ಕಾಣಿಸದು. ಕೂಲಿ ಬಿಟ್ಟು ಬಸ್ಸು ಹತ್ತಿ ಬರುವ ತಾಯಿಗೆ ಪ್ರತಿ ಸಲವೂ ಒಂದು ದಿನದ ದುಡಿಮೆ ಹೋಗುತ್ತದೆ.