ನಾಟಕಕ್ಕೆ ಅಂಜಿದ ದೊರೆತನ



ನಾಟಕವೆಂದರೆ ಹೊತ್ತು ಕಳೆಯುವ ಆಟವೆಂದು ಬಹುಜನರು ತಿಳಿದಿರುತ್ತಾರೆ. ಭರತಮುನಿಗಳು ಹಾಗೆ ತಿಳಿಯಲಿಲ್ಲ. ವೇದವನ್ನು ಕೇಳುವ ಅಧಿಕಾರ ಶೂದ್ರರಿಗಿಲ್ಲವೆಂಬ ಕಾರಣದಿಂದ, ಸರ್ವವರ್ಣದವರಿಗೂ ಸಲ್ಲುವಂತೆ ಬ್ರಹ್ಮನು ನಾಟ್ಯವೆಂಬ ಐದನೆಯ ವೇದವನ್ನು ನಿರ್ಮಿಸಿದನೆಂದು ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯವು ಹೇಳುತ್ತದೆ. ಅದರಲ್ಲಿಯೇ ಇನ್ನೊಂದು ಸಂಗತಿಯಿದೆ. ಮೊದಲ ಪ್ರಯೋಗದಲ್ಲಿ ದೈತ್ಯರ ಸೋಲನ್ನು ತೋರಿಸಿದರು. ನೋಡುತ್ತಿದ್ದ ದೈತ್ಯರು ಕೆರಳಿ, ವಿಘ್ನಗಳನ್ನು ಕೂಡಿಕೊಂಡು, ನಟರ ಮಾತನ್ನೂ ಚಲನೆಯನ್ನೂ ಸ್ತಂಭನಗೊಳಿಸಿದರು. ನಾಟಕ ಹುಟ್ಟಿದ ದಿನವೇ ಅದರ ವೈರಿಗಳೂ ಹುಟ್ಟಿದರು.

ಇದು ಪುರಾಣದ ಮಾತು. ಇತಿಹಾಸದಲ್ಲಿಯೂ ಇಂಥದು ನಡೆದಿದೆ.

ಬಂಗಾಳದಲ್ಲಿ ಬಿಳಿಯ ತೋಟದ ದೊರೆಗಳು ರೈತರಿಗೆ ಮುಂಗಡ ಹಣ ಕೊಟ್ಟು, ಬತ್ತ ಬೆಳೆಯುವ ನೆಲದಲ್ಲಿ ನೀಲಿ ಬೆಳೆಯಬೇಕೆಂದು ಬಲಾತ್ಕರಿಸುತ್ತಿದ್ದರು. ನೀಲಿಗೆ ಕೊಡುತ್ತಿದ್ದ ಬೆಲೆಯಿಂದ ಮುಂಗಡ ತೀರುತ್ತಿರಲಿಲ್ಲ. ತಂದೆಯ ಸಾಲ ಮಗನ ತಲೆಗೆ ಬರುತ್ತಿತ್ತು. ಒಲ್ಲೆನೆಂದವನಿಗೆ ಲಾಠಿಯ ಏಟು, ಗೋದಾಮಿನ ಸೆರೆ. 1859ರಲ್ಲಿ ನದಿಯಾ ಜಿಲ್ಲೆಯ ರೈತರು ಇನ್ನು ನೀಲಿ ಬಿತ್ತುವುದಿಲ್ಲವೆಂದು ಎದ್ದು ನಿಂತರು. ಮೊದಲು ಎದ್ದವನು ರೈತ. ಕಲೆ ಅವನ ಹಿಂದೆ ಬಂದಿತು. ಇದನ್ನು ನಾವು ಮರೆಯಬಾರದು.

ಅಂಚೆ ಇಲಾಖೆಯ ನೌಕರರಾಗಿ ಊರೂರು ತಿರುಗುತ್ತಿದ್ದ ದೀನಬಂಧು ಮಿತ್ರರು ಈ ಗೋಳನ್ನು ಬಲ್ಲವರು. 1860ರಲ್ಲಿ ಅವರ ‘ನೀಲದರ್ಪಣ’ ನಾಟಕವು ಕರ್ತೃವಿನ ಹೆಸರಿಲ್ಲದೆ ಢಾಕಾದಲ್ಲಿ ಅಚ್ಚಾಯಿತು. ಮರುವರ್ಷ ಅದರ ಇಂಗ್ಲಿಷ್ ಅನುವಾದವನ್ನು ಹೊರತಂದ ಪಾದ್ರಿ ಜೇಮ್ಸ್ ಲಾಂಗರ ಮೇಲೆ ಮಾನಹಾನಿಯ ದಾವೆಯಾಯಿತು. ಕಲಕತ್ತೆಯ ನ್ಯಾಯಾಲಯವು ಒಂದು ತಿಂಗಳ ಸೆರೆಯನ್ನೂ 1,000 ರೂಪಾಯಿ ದಂಡವನ್ನೂ ವಿಧಿಸಿತು. ದಂಡವನ್ನು ಕಾಲಿಪ್ರಸನ್ನ ಸಿಂಹರು ಕೂಡಲೇ ಕಟ್ಟಿದರು. ಸೆರೆಯನ್ನು ಪಾದ್ರಿಗಳೇ ಅನುಭವಿಸಿದರು. ಬಿಳಿಯರಲ್ಲೊಬ್ಬರು ಬಡ ರೈತನಿಗಾಗಿ ಸೆರೆಮನೆ ಸೇರಿದರು. ಸತ್ಯಕ್ಕೆ ಕುಲವಿಲ್ಲ.

1872ರ ಡಿಸೆಂಬರ್ 7ರಂದು ಕಲಕತ್ತೆಯ ನ್ಯಾಶನಲ್ ಥಿಯೇಟರ್ ಈ ನಾಟಕದಿಂದಲೇ ಪ್ರಾರಂಭವಾಯಿತು. ಸಿರಿವಂತರ ಮನೆಗಳಲ್ಲಿ ಆಮಂತ್ರಿತರಿಗಷ್ಟೇ ದೊರೆಯುತ್ತಿದ್ದ ನಾಟಕವು ಚೀಟಿ ಕೊಂಡವರಿಗೆಲ್ಲ ದೊರೆಯಿತು. 1875ರಲ್ಲಿ ಕಲಕತ್ತೆಯ ಮಂಡಲಿಯೊಂದು ಲಖನೌದಲ್ಲಿ ಇದನ್ನು ಆಡಿತು. ತೊರಾಪನೆಂಬ ಮುಸಲ್ಮಾನ ರೈತನು ತೋಟದ ದೊರೆಯನ್ನು ಹಿಡಿದು ಬಡಿಯುವ ದೃಶ್ಯ ಬಂದೊಡನೆ ಬಿಳಿಯ ಪ್ರೇಕ್ಷಕರು ಕೆರಳಿ, ಕತ್ತಿ ಹಿರಿದು ರಂಗವನ್ನೇರಿದರೆಂದು ಆ ಮಂಡಲಿಯ ನಟಿ ಬಿನೋದಿನಿ ದಾಸಿಯವರು ನೆನಪಿಸಿಕೊಂಡಿದ್ದಾರೆ. ಭರತಮುನಿಗಳು ಹೇಳಿದ ಕಥೆಯೇ ಅಲ್ಲವೇ ಇದು?

ಮರುವರ್ಷ ಕತ್ತಿಯ ಬದಲು ಕಾಯಿದೆ ಬಂದಿತು. ಇಂಗ್ಲೆಂಡಿನ ಯುವರಾಜನ ಭೇಟಿಯ ಕಾಲದ ಪ್ರಸಂಗವೊಂದನ್ನು ಅಣಕಿಸಿದ ಪ್ರಹಸನವು ಅದಕ್ಕೆ ನೆವವಾಯಿತು. 1876ರ ನಾಟಕ ಪ್ರದರ್ಶನ ಕಾಯಿದೆಯಿಂದ, ರಾಜದ್ರೋಹದ ಭಾವನೆ ಕೆರಳಿಸುವುದೆಂದು ತನಗೆ ತೋರಿದ ನಾಟಕವನ್ನು ಸರಕಾರ ನಿಷೇಧಿಸಬಹುದಾಯಿತು. ಸ್ವಾತಂತ್ರ್ಯ ಬಂದು ಏಳು ದಶಕಗಳಾದ ಮೇಲಷ್ಟೇ ಕೇಂದ್ರವು ಈ ಕಾಯಿದೆಯನ್ನು ರದ್ದುಪಡಿಸಿತು.

ಸೈನ್ಯ, ಖಜಾನೆ, ಸೆರೆಮನೆ ಎಲ್ಲವೂ ಇದ್ದ ದೊರೆತನವು ಮುಖಕ್ಕೆ ಬಣ್ಣ ಹಚ್ಚಿದ ನಾಲ್ಕು ಜನರಿಗೆ ಏಕೆ ಅಂಜಿತು? ದೀನಬಂಧುಗಳು ನಾಟಕಕ್ಕೆ ದರ್ಪಣವೆಂದು ಹೆಸರಿಟ್ಟರು. ಅದರಲ್ಲಿ ದೊರೆಗಳಿಗೆ ತಮ್ಮ ಮುಖವೇ ಕಂಡಿತು.

ಆದರೆ ಇದನ್ನು ಕೇಳಿ ಪರದೇಶದವರನ್ನಷ್ಟೇ ನಿಂದಿಸಿ ಎದ್ದು ಹೋಗಬೇಡಿರಿ. ನಿಮ್ಮೂರ ಜಾತ್ರೆಯಲ್ಲಿ ಹುಡುಗರು ವರದಕ್ಷಿಣೆಯನ್ನೋ ಅಸ್ಪೃಶ್ಯತೆಯನ್ನೋ ಕುರಿತು ನಾಟಕವಾಡಿದಾಗ ನಿಮಗೆ ಸಿಟ್ಟು ಬಂದೀತು. ಆಗ ದರ್ಪಣವನ್ನು ಒಡೆಯಹೋಗದೆ, ಅದರಲ್ಲಿ ಕಂಡ ಮುಖ ಯಾರದೆಂದು ನೋಡಿಕೊಳ್ಳಿರಿ.